ಭೂತಗನ್ನಡಿ ಅಕ್ಕನ ಅನುಮಾನ

ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ಎಲ್ಲರೂ ‘ಅಕ್ಕಾ’ ಅನ್ನುತ್ತಿದ್ದರು, ಬೆನ್ನು ತಿರುಗಿದ ಮೇಲೆ ‘ಭೂತಗನ್ನಡಿ’. ಅವಳು ಅಲ್ಲಿ ಚೆಕರ್. ಹೊಲಿದು ಮುಗಿದ ಅಂಗಿಗಳು ಕೊನೆಗೆ ಅವಳ ಮೇಜಿಗೆ ಬರುತ್ತಿದ್ದವು. ಕಾಲರ್ ಮಗುಚಿ, ಗುಂಡಿ ಎಳೆದು, ಕಂಕುಳ ಹತ್ತಿರದ ಹೊಲಿಗೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವಳು. ಒಂದು ಹೊಲಿಗೆ ಹಾರಿದ್ದರೂ ಅಂಗಿ ವಾಪಸ್. ಕತ್ತಿಗೆ ದಾರ ಕಟ್ಟಿ ನೇತುಹಾಕಿಕೊಂಡ ಪುಟ್ಟ ಕತ್ತರಿಯ ಜೊತೆ ಅವಳು ತಲೆ ಎತ್ತಿದಳೆಂದರೆ ಮಶಿನ್ನಿನ ಮುಂದಿದ್ದ ಹೆಂಗಸರು ಹರಟೆ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಮನೆಗೆ ಬಂದರೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಹಾಲಿನವನು ಅವಳ ಮುಂದೆ ಹಾಲು ಅಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ತರಕಾರಿಯವಳು, “ತೊಗೊಳ್ಳಮ್ಮ, ನೀನೇ ತೂಕ ಮಾಡ್ಕೊ” ಎಂದು ತಕ್ಕಡಿಯನ್ನೇ ಅವಳ ಕೈಗೆ ಕೊಟ್ಟುಬಿಡುತ್ತಿದ್ದಳು. ತಕ್ಕಡಿ ಕೈಗೆ ಬಂದ ಮೇಲೆ ಅಕ್ಕ ತೂಕದ ಕಲ್ಲನ್ನು ತಿರುಗಿಸಿ ಅದರ ತಳ ನೋಡುತ್ತಿದ್ದಳು.

ಅವಳು ಹುಟ್ಟಾ ಅನುಮಾನದವಳೇನಲ್ಲ. ಅಪ್ಪ ಮೊದಲೇ ಹೋಗಿದ್ದ. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಗುಂಡಿ ಹಾಕಿಕೊಳ್ಳಲು ಬಾರದವನು. ಅವನ ಕಿವಿ ಸೋರುತ್ತಿತ್ತು, ಬಾಯಿ ತುಂಬ ಹುಣ್ಣಾಗುತ್ತಿತ್ತು, ತಣ್ಣನೆಯ ಗಾಳಿ ಬೀಸಿದರೆ ಸಾಕು, ಎದೆ ಗೊರಗೊರ ಅನ್ನುತ್ತಿತ್ತು. ಅವಳು ಅವನನ್ನು ಮಡಿಲಲ್ಲಿ ಹಾಕಿಕೊಂಡೇ ಬೆಳೆಸಿದಳು, ಮದುವೆಯಾಗಿ ಗಂಡನ ಮನೆಗೆ ಹೋಗುವಾಗಲೂ ಕರೆದುಕೊಂಡೇ ಹೋದಳು. ಅಲ್ಲಿ ಅವಳಿಗೆ ಮೊದಲು ಮಗಳು, ಆಮೇಲೆ ಮಗ. ಮಗ ಗುಂಡುಗುಂಡಗಿದ್ದ. ಅಂಬೆಗಾಲಿಡುವ ಮೊದಲೇ ಒಂದು ಕೆಮ್ಮು ಹತ್ತಿತು. ಅತ್ತೆ ಯಾವುದೋ ಬೇರು ತೇಯ್ದು ಒಂದು ಚಮಚ ನೆಕ್ಕಿಸಿದರು. ಮಾರನೆಯ ದಿನ ಮಗುವಿನ ತುಟಿ ನೀಲಿಯಾಯಿತು. ಆಸ್ಪತ್ರೆಯಿಂದ ಅದು ಜೀವಂತ ಬರಲಿಲ್ಲ.

“ಏನು ಕೊಟ್ರಿ ನನ್ನ ಮಗೂಗೆ?” ಎಂದು ಅವಳು ಬಂಧುಗಳೆಲ್ಲ ಕೂತಿದ್ದ ನಡುಮನೆಯಲ್ಲಿ ಅತ್ತೆಯನ್ನು ಕೇಳಿದಳು. ಅತ್ತೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಆ ಮೌನವನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಗಂಡ ತಾಯಿಯ ಪಕ್ಕ ಹೋಗಿ ನಿಂತ. ಅವಳು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ತಮ್ಮನ ಕೈ ಹಿಡಿದು, ಆ ಹೊಸ್ತಿಲು ದಾಟಿದವಳು ತಿರುಗಿ ನೋಡಲಿಲ್ಲ. ಗಂಡ ಸತ್ತ ಸುದ್ದಿ ಬಂದಾಗಲೂ ಹೋಗಲಿಲ್ಲ. ಅಂದಿನಿಂದ ಯಾರು ಏನು ಕೊಟ್ಟರೂ ಅದನ್ನು ಮೊದಲು ಬೆಳಕಿಗೆ ಹಿಡಿಯುವುದು ಅವಳಿಗೆ ರೂಢಿಯಾಯಿತು.

ತಮ್ಮ ಬೆಳೆದು ಲಿಫ್ಟ್ ರಿಪೇರಿಯವನಾದ. ನಗುಮುಖದ, ಗ್ರೀಸ್ ಅಂಟಿದ ಕೈಗಳ, ತೆಳ್ಳನೆಯ ಆಳು. ವರ್ಷವಿಡೀ ಒಂದಲ್ಲ ಒಂದು ಮಾತ್ರೆಗಾಗಿ ಔಷಧಿ ಅಂಗಡಿಗೆ ಎಡತಾಕುತ್ತಿದ್ದವನು ಕೊನೆಗೆ ಅಲ್ಲಿ ಕೌಂಟರಿನಲ್ಲಿ ನಿಲ್ಲುತ್ತಿದ್ದವಳನ್ನೇ ಮದುವೆಯಾದ. “ಕೆಮ್ಮೇ ನಮ್ಮ ಮದುವೆ ದಲ್ಲಾಳಿ” ಎಂದು ಅವನು ಎಲ್ಲರನ್ನೂ ನಗಿಸುತ್ತಿದ್ದ. ಅಕ್ಕ ನಗಲಿಲ್ಲ. ಇವನ ಕಾಯಿಲೆಯ ಚೀಟಿಗಳನ್ನೆಲ್ಲ ಕಣ್ಣಾರೆ ಕಂಡವಳು ಇವನನ್ನೇ ಯಾಕೆ ಕಟ್ಟಿಕೊಂಡಳು ಎಂಬ ಪ್ರಶ್ನೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಗಂಡ ಹೆಂಡತಿ ಎರಡು ಬೀದಿ ಆಚೆ ಮನೆ ಮಾಡಿದರು. ಭಾನುವಾರ ಮಾತ್ರ ತಮ್ಮ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಅವಳು ಅವನ ತಟ್ಟೆಯ ಪಕ್ಕ ದೊಡ್ಡ ಚೊಂಬಿನಲ್ಲಿ ಸಂಪಿನ ನೀರು ಇಡುತ್ತಿದ್ದಳು. “ಚಿಕ್ಕಂದಿನಿಂದ ಕುಡಿದ ನೀರು, ಇದೇ ನಿನ್ನ ಮೈಗೆ ಹಿಡಿಸೋದು. ಆ ಪ್ಲಾಸ್ಟಿಕ್ ಕ್ಯಾನಿನ ನೀರು ಯಾವನು ಎಲ್ಲಿ ತುಂಬಿದ್ದೋ” ಅನ್ನುವಳು.

ಮದುವೆಯಾಗಿ ಒಂದು ವರ್ಷ ತುಂಬುವಷ್ಟರಲ್ಲಿ ತಮ್ಮ ಇಳಿದುಹೋದ. ಕೆನ್ನೆ ಒಳಗೆ ಹೋಯಿತು, ಪ್ಯಾಂಟನ್ನು ಬೆಲ್ಟು ಬಿಗಿದು ನಿಲ್ಲಿಸುವಂತಾಯಿತು. ಕೇಳಿದರೆ, “ಏನಿಲ್ಲ ಬಿಡಕ್ಕ, ಬಿಸಿಲಿಗೆ” ಅನ್ನುತ್ತಿದ್ದ. ಲಿಫ್ಟಿನ ಬುಡದ ಹಳ್ಳದೊಳಗೆ ಕೆಲಸ ಮಾಡುವವನಿಗೆ ಯಾವ ಬಿಸಿಲು?

ಒಂದು ದಿನ ಅಕ್ಕ ಹೇಳದೆ ಕೇಳದೆ ಅವರ ಮನೆಗೆ ಹೋದಳು. ಬಾಗಿಲು ಅರೆ ತೆರೆದಿತ್ತು. ಚಪ್ಪಲಿ ಹೊರಗೆ ಬಿಟ್ಟು ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋದರೆ, ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ನೀರಿನ ಬಾಟಲಿಗೆ ಬಿಳಿ ಪುಡಿ ಸುರಿದು ಕುಲುಕುತ್ತಿದ್ದಳು.

“ಪೂರ್ತಿ ಕುಡೀರಿ. ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡಿ,” ಎಂದು ಪಕ್ಕದಲ್ಲಿ ನಿಂತ ಗಂಡನಿಗೆ ಅನ್ನುತ್ತಿದ್ದಳು.

ಅಕ್ಕ ಬಂದ ದಾರಿಯಲ್ಲೇ ಹಿಂದೆ ಸರಿದು, ಆಮೇಲೆ ಜೋರಾಗಿ ಕೆಮ್ಮಿ, ಈಗಷ್ಟೇ ಬಂದವಳಂತೆ ಒಳಗೆ ಬಂದಳು. ಕಾಫಿ ಕೊಟ್ಟರೆ, ಹೊಟ್ಟೆ ತುಂಬಿದೆ ಎಂದಳು. ತಮ್ಮ ಕೆಲಸಕ್ಕೆ ಹೊರಟು, ಅವನ ಹೆಂಡತಿ ಬಟ್ಟೆ ಎತ್ತಲು ಮಹಡಿಗೆ ಹೋದಾಗ ಡಬ್ಬಿ ಹುಡುಕಿ, ಒಂದು ಚಮಚ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮರುದಿನ ಊರಿನ ಇನ್ನೊಂದು ತುದಿಯ, ತನ್ನನ್ನು ಯಾರೂ ಗುರುತು ಹಿಡಿಯದ ಔಷಧಿ ಅಂಗಡಿ ಹುಡುಕಿಕೊಂಡು ಹೋದಳು.

ಅಂಗಡಿಯ ಮುದುಕ ಪೊಟ್ಟಣ ಬಿಚ್ಚಿ ಮೂಸಿದ. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಇಟ್ಟುಕೊಂಡ.

“ಅಯ್ಯೋ, ಬೇಡ!” ಅಂದಳು ಅಕ್ಕ.

“ಯಾಕಮ್ಮ, ಉಪ್ಪು ಸಕ್ಕರೆ ಪುಡಿ ಕಣಮ್ಮ ಇದು. ಭೇದಿ ಆದವರಿಗೆ ನೀರಲ್ಲಿ ಕಲಸಿ ಕೊಡೋದು. ಯಾರಿಗೆ ಭೇದಿ?”

ಅಕ್ಕ ಪೊಟ್ಟಣ ಕಸಿದುಕೊಂಡು ಹೊರಬಂದಳು. ಆದರೆ ಅನುಮಾನ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಭೇದಿಗೆ ಔಷಧಿ ಕೊಡುವವಳು ಕದ್ದುಮುಚ್ಚಿ ಯಾಕೆ ಕೊಡಬೇಕು? ಭೇದಿ ಬರುವಂತೆ ಮಾಡಿದವರು ಯಾರು?

ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ತಮ್ಮ ಕೆಲಸದ ಜಾಗದಲ್ಲಿ ಕುಸಿದುಬಿದ್ದ. ಉಸಿರು ಹಿಡಿಯಲಾಗದೆ ಲಿಫ್ಟಿನ ಬಾಗಿಲಿಗೆ ಒರಗಿ ಕೂತಿದ್ದವನನ್ನು ಜೊತೆಯವರು ಆಸ್ಪತ್ರೆಗೆ ಹಾಕಿದರು. ಎರಡೂ ಕಡೆಯ ಶ್ವಾಸಕೋಶಕ್ಕೆ ನ್ಯುಮೋನಿಯಾ. ಅದೂ ಗಟ್ಟಿಮುಟ್ಟಾದವರಿಗೆ ಬರುವ ಜಾತಿಯದಲ್ಲ ಎಂದರು ವಾರ್ಡಿನ ಡಾಕ್ಟರು. ಮೊದಲು ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆದರು.

ಆ ಮೂರಕ್ಷರ ವಾರ್ಡಿನ ಗೋಡೆ ದಾಟಲು ಹೊತ್ತು ಬೇಕಾಗಲಿಲ್ಲ. ನೋಡಲು ಬಂದ ಕೆಲಸದವರು ಮಂಚದಿಂದ ಒಂದು ಮಾರು ದೂರ ನಿಂತು ಮಾತಾಡಿಸಿದರು. ಕಾರ್ಖಾನೆಯಲ್ಲಿ ಅಕ್ಕನ ನೀರಿನ ಲೋಟವನ್ನು ಯಾರೋ ಬೇರೆ ಗೂಟಕ್ಕೆ ನೇತುಹಾಕಿದ್ದರು. ಜೀವಮಾನವಿಡೀ ಬೇರೆಯವರ ತಪ್ಪು ಹುಡುಕಿದವಳು ಮೊದಲ ಸಲ ಬೇರೆಯವರ ಕಣ್ಣಿನ ಕೆಳಗೆ ಬಂದಳು. ಅವಳೂ ತಮ್ಮನನ್ನು ಬಿಡಲಿಲ್ಲ. ಮಂಚದ ಅಂಚಿಗೆ ಕೂತು ಕಿವಿಯಲ್ಲಿ ಕೇಳಿದಳು:

“ನನ್ ಹತ್ರ ಹೇಳು. ಎಲ್ಲಾದ್ರೂ ಹೋಗಿದ್ಯಾ?”

ಆಮ್ಲಜನಕದ ಮುಖವಾಡದ ಒಳಗಿಂದ ಅವನು ನೋಡಿದ ನೋಟ ಅವಳಿಗೆ ಚಾಟಿಯ ಹಾಗೆ ತಗುಲಿತು. ಅವನು ಮುಖ ಗೋಡೆಗೆ ತಿರುಗಿಸಿದ.

ಪರೀಕ್ಷೆಯಲ್ಲಿ ಎಚ್‌ಐವಿ ಇಲ್ಲ ಎಂದು ಬಂತು. “ಇನ್ನೊಂದ್ಸಲ ನೋಡಿ,” ಅಂದಳು ಅಕ್ಕ. ಇನ್ನೊಮ್ಮೆ ನೋಡಿದರು, ಇಲ್ಲ. ಇಲ್ಲ ಅನ್ನುವುದು ಗೊತ್ತಾಯಿತೇ ಹೊರತು ಇರುವುದೇನು ಎಂದು ಯಾರಿಗೂ ತಿಳಿಯಲಿಲ್ಲ. ಅವನ ಉಸಿರು ಒಂದು ಹದಕ್ಕೆ ಬಂದ ಮೇಲೆ ದೊಡ್ಡ ಆಸ್ಪತ್ರೆಗೆ, ರೋಗನಿರೋಧಕ ಶಕ್ತಿಯ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಕಳಿಸಿದರು.

ಅವರು ಮಾತು ಕಡಿಮೆ, ಪ್ರಶ್ನೆ ಜಾಸ್ತಿ ಇದ್ದ ಮನುಷ್ಯ. ಹೊಟ್ಟೆ ಕೆಡುವುದು ಯಾವಾಗಿನಿಂದ ಎಂದು ಕೇಳಿದಾಗ ತಮ್ಮನ ಹೆಂಡತಿ ಅಕ್ಕನತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ಹೇಳಿದಳು:

“ಸರ್, ಭಾನುವಾರ ಅತ್ತಿಗೆ ಮನೇಲಿ ಊಟ ಮಾಡ್ಕೊಂಡು ಬರ್ತಾರೆ. ಆ ವಾರ ಪೂರ್ತಿ ಹೊಟ್ಟೆ ಸರಿ ಇರಲ್ಲ. ಹೋಗದೇ ಇದ್ದ ವಾರ ಸ್ವಲ್ಪ ವಾಸಿ.”

“ಏನಂದೆ?” ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. “ನಾನು ಎತ್ತಿ ಆಡಿಸಿದ ಕೂಸು ಅದು! ನನ್ನ ಮೇಲೇ ಹೇಳ್ತೀಯಾ? ಬಾಟಲಿಗೆ ಪುಡಿ ಹಾಕಿ, ಅಕ್ಕಂಗೆ ಹೇಳ್ಬೇಡಿ ಅಂದವಳು ನೀನು!”

“ಹೇಳ್ಬೇಡಿ ಅಂದಿದ್ದು ನೀವು ಗಾಬರಿ ಆಗ್ತೀರಂತ. ಅವರೂ ಹೇಳೋದು ಬೇಡ ಅಂದಿದ್ರು.” ಅವಳು ತಲೆ ಎತ್ತಿದಳು. “ಆ ಪುಡೀನ ನೀವು ಯಾವ ಅಂಗಡಿಗೆ ತೋರಿಸಿದ್ರಿ ಅಂತಾನೂ ಗೊತ್ತು ನಂಗೆ. ಆ ಮುದುಕಪ್ಪ ನಮ್ ಅಂಗಡಿಗೂ ಸರಕಿಗೆ ಬರ್ತಾರೆ. ಕತ್ತಿಗೆ ಕತ್ತರಿ ನೇತುಹಾಕ್ಕೊಂಡ ಒಬ್ಬಮ್ಮ ಬಂದಿದ್ರು ಅಂತ ನಗ್ತಾ ಹೇಳಿದ್ರು.”

ಅಕ್ಕನ ಕೈ ತಾನಾಗಿ ಕತ್ತಿನ ಕತ್ತರಿಗೆ ಹೋಯಿತು. ಡಾಕ್ಟರು ಇಬ್ಬರನ್ನೂ ಸುಮ್ಮನಿರಿಸಿ, “ನಿಮ್ಮನೇಲಿ ಕುಡಿಯೋ ನೀರು ಯಾವುದಮ್ಮ?” ಎಂದರು.

ಸಂಪಿನ ನೀರು ಎಂದಾಗ ಅದನ್ನು ಪರೀಕ್ಷೆಗೆ ತರಿಸಿದರು. ಅದರಲ್ಲಿದ್ದ ಪರೋಪಜೀವಿಯೇ ತಮ್ಮನ ಮಲದಲ್ಲೂ ಇತ್ತು. ಸಂಪಿನ ಗೋಡೆ ಪಕ್ಕದ ಚರಂಡಿಯ ಕಡೆ ಈಚೆಗೆ ಯಾವಾಗಲೋ ಬಿರುಕು ಬಿಟ್ಟು, ಒಳಗೊಳಗೇ ಜಿನುಗುತ್ತಿತ್ತು.

ಅಕ್ಕನಿಗೆ ನಂಬಿಕೆ ಬರಲಿಲ್ಲ. “ಅದೇ ನೀರು ನಾನೂ ಕುಡೀತೀನಲ್ಲ ಸರ್? ನನ್ ಮಗಳೂ ಕುಡಿದಿದಾಳಲ್ಲ? ನಮಗ್ಯಾಕೆ ಏನೂ ಆಗಿಲ್ಲ?”

“ಒಳ್ಳೇ ಪ್ರಶ್ನೆ,” ಅಂದರು ಡಾಕ್ಟರು. “ನಿಮಗೆ ಒಂದೆರಡು ದಿನ ಹೊಟ್ಟೆ ಕೆಟ್ಟು ಸರಿಹೋಗಿರುತ್ತೆ, ನೀವು ಮರೆತಿರ್ತೀರಿ. ನಿಮ್ಮ ದೇಹ ಅದನ್ನ ಹೊಡೆದು ಹೊರಗಟ್ಟಿದೆ. ಇವರ ದೇಹಕ್ಕೆ ಆಗ್ತಿಲ್ಲ. ಯಾಕಾಗ್ತಿಲ್ಲ ಅಂತ ನೋಡಬೇಕು.”

ನೋಡಲು ವಾರಗಳು ಹಿಡಿದವು. ರಕ್ತ ಎಲ್ಲಿಗೋ ಹೋಗಿ ಬಂತು. ಕೊನೆಗೆ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದರು. ರಕ್ತದಲ್ಲಿ ಟಿ ಕಣ ಅಂತ ಇರುತ್ತವೆ. ರೋಗಾಣು ಬಂದಾಗ ಅವು ಗುರುತು ಹಿಡಿದು, ಬೇರೆ ಕಣಗಳನ್ನು ಮುಟ್ಟಿ ಎಚ್ಚರಿಸಬೇಕು. ಆಗಲೇ ಆ ಕಣಗಳು ತಕ್ಕ ಆಯುಧ ತಯಾರಿಸುವುದು. ಇವರಲ್ಲಿ ಟಿ ಕಣಗಳು ಒಂದೂ ಕಡಿಮೆ ಇಲ್ಲ. ಎಣಿಸಿದರೆ ಸರಿಯಾಗಿಯೇ ಇವೆ, ಅದಕ್ಕೇ ಮೊದಲು ಗೊತ್ತಾಗಲಿಲ್ಲ. ಕೆಣಕಿ ನೋಡಿದಾಗ ಗೊತ್ತಾಯಿತು. ಮುಟ್ಟಿ ಎಚ್ಚರಿಸಲು ಅವುಗಳ ಮೈಮೇಲೆ ಮೂಡಬೇಕಾದ ಒಂದು ಪ್ರೋಟೀನು ಇವರಲ್ಲಿ ಸರಿಯಾಗಿ ಮೂಡುವುದೇ ಇಲ್ಲ.

“ಎಲ್ಲ ಹಾಜರಿ ಹಾಕಿ ಸುಮ್ನೆ ಕೂತಿವೆ ಅನ್ನಿ,” ಅಂದಳು ಅಕ್ಕ.

ಡಾಕ್ಟರು ಮೊದಲ ಸಲ ನಕ್ಕರು. “ಹೆಚ್ಚು ಕಮ್ಮಿ ಹಾಗೇ. ಇದು ಅಂಟಿದ್ದಲ್ಲ, ಯಾರೂ ಹಾಕಿದ್ದೂ ಅಲ್ಲ. ಹುಟ್ಟುತ್ತಲೇ ಬಂದಿದ್ದು. ಬಹಳ ಮಕ್ಕಳು ಚಿಕ್ಕಂದಿನಲ್ಲೇ ಹೋಗಿಬಿಡ್ತಾರೆ. ಇವರಲ್ಲಿ ದೋಷ ಅರ್ಧಂಬರ್ಧ ಇರೋದ್ರಿಂದ ಇಲ್ಲೀವರೆಗೆ ಬಂದಿದಾರೆ.” ಆಮೇಲೆ ಕನ್ನಡಕ ತೆಗೆದು ಕೇಳಿದರು, “ನಿಮ್ಮ ತಾಯಿ ಕಡೆ ಗಂಡು ಮಕ್ಕಳು ಯಾರಾದ್ರೂ ಚಿಕ್ಕವರಿದ್ದಾಗಲೇ ತೀರಿಕೊಂಡಿದ್ರಾ?”

ಸೋದರಮಾವಂದಿರು ಎಂದು ಇದ್ದವರು ತೊಟ್ಟಿಲಲ್ಲೇ ಹೋದರೆಂದು ಅಮ್ಮ ಹೇಳುತ್ತಿದ್ದುದು ಅಕ್ಕನಿಗೆ ನೆನಪಾಯಿತು. ಅದನ್ನು ಹೇಳಿದಳು.

“ಈ ದೋಷ ಹೆಣ್ಣುಮಕ್ಕಳ ಮೂಲಕ ಹರಿದು ಬರುತ್ತೆ. ಅವರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಗಂಡು ಮಕ್ಕಳಿಗೆ ಆಗುತ್ತೆ. ನಿಮಗೆ ಗಂಡು ಮಕ್ಕಳು?”

ತಮ್ಮ ಅಕ್ಕನ ಕಡೆ ನೋಡಲಿಲ್ಲ. ಆ ಮಗುವನ್ನು ಅವನೂ ಎತ್ತಿ ಆಡಿಸಿದ್ದ.

“ಇದ್ದ,” ಅಂದಳು ಅಕ್ಕ. ಆಮೇಲೆ, “ಕೆಮ್ಮು ಬಂದಿತ್ತು. ಯಾರೋ ಬೇರು ತೇಯ್ದು ನೆಕ್ಕಿಸಿದ್ರು, ಮಾರನೇ ದಿನ ತುಟಿ ನೀಲಿ ಆಯ್ತು. ಅದರಿಂದ…” ಎಂದು ನಿಲ್ಲಿಸಿದಳು.

“ಒಂದು ಚಮಚ ಬೇರಿನ ರಸದಿಂದ ತುಟಿ ನೀಲಿಯಾಗೋ ಹಾಗೆ ನ್ಯುಮೋನಿಯಾ ಬರಲ್ಲಮ್ಮ. ಈಗ ಖಚಿತ ಮಾಡೋಕೆ ಆ ಮಗು ಇಲ್ಲ. ಆದರೆ ನಿಮ್ಮ ರಕ್ತ ನೋಡಬಹುದು.”

ನೋಡಿದರು. ದೋಷ ಅವಳಲ್ಲಿತ್ತು.

ಅಂದು ಮನೆಗೆ ಬಂದ ಅಕ್ಕ ಕಿಟಕಿಯ ಬಳಿ ಕೂತು ತನ್ನ ಮುಂಗೈಯನ್ನು ಮಗುಚಿ ಮಗುಚಿ ನೋಡಿಕೊಂಡಳು. ಸೂಜಿ ಚುಚ್ಚಿದ ಕಡೆ ಒಂದು ಚುಕ್ಕೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಲಕ್ಷಗಟ್ಟಲೆ ಅಂಗಿಗಳಲ್ಲಿ ತಪ್ಪು ಕಂಡ ಕಣ್ಣಿಗೆ ಇದು ಕಾಣುವ ತಪ್ಪಲ್ಲ. ಡಾಕ್ಟರೇ ಸುಳ್ಳು ಹೇಳುತ್ತಿರಬಹುದು ಎಂದುಕೊಂಡು ಒಂದು ವಾರ ಕಳೆದಳು. ಅವರಿಗೇನು ಲಾಭ ಎಂದು ಯೋಚಿಸಿದರೆ ಏನೂ ಹೊಳೆಯಲಿಲ್ಲ. ಆಮೇಲೆ ಮಗಳ ನೆನಪಾಯಿತು. ಅವಳು ಹೊಸದಾಗಿ ಮದುವೆಯಾದವಳು.

ಮಗಳು ಎಲ್ಲವನ್ನೂ ಕೇಳಿ, ಅಳದೆ ಕರೆಯದೆ, “ನಡಿ, ನನ್ನದೂ ನೋಡಿಸಿಬಿಡೋಣ,” ಅಂದಳು. ಫಲಿತಾಂಶ ಬರುವ ತನಕ ಅಕ್ಕನ ಕಣ್ಣಿಂದ ಎಷ್ಟೋ ಅಂಗಿಗಳು ತಪ್ಪಿಸಿಕೊಂಡು ಹೋದವು; ಸೂಪರ್‌ವೈಸರ್ ಬಂದು, “ಏನಕ್ಕ, ಭೂತಗನ್ನಡಿಗೆ ಪೊರೆ ಬಂತಾ?” ಎಂದು ಎದುರಿಗೇ ಅಂದುಬಿಟ್ಟ. ಮಗಳಿಗೆ ದೋಷ ದಾಟಿರಲಿಲ್ಲ. ಅಕ್ಕ ಅದನ್ನೂ ನಂಬದೆ ಇನ್ನೊಮ್ಮೆ ನೋಡಲು ಹಟ ಹಿಡಿದಳು. ಎರಡನೆಯ ಸಲವೂ ಅದೇ ಉತ್ತರ ಬಂದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಸ್ವಲ್ಪ ಹೊತ್ತಾದ ಮೇಲೆ, “ಅಮ್ಮ, ಅಜ್ಜಿ ಇನ್ನೂ ಬದುಕಿದಾರೆ,” ಅಂದಳು.

“ಯಾವ ಅಜ್ಜಿ?” ಅಂದಳು ಅಕ್ಕ, ಗೊತ್ತಿದ್ದೂ.

“ನನ್ ಹತ್ರ ನಾಟಕ ಆಡ್ಬೇಡ.”

ಹೋಗಲೋ ಬೇಡವೋ ಎಂದು ಅಕ್ಕ ಬಹಳ ದಿನ ಹಿಂದೆಮುಂದೆ ನೋಡಿದಳು. ಕೊನೆಗೆ ಒಂದು ಮಧ್ಯಾಹ್ನ ಒಬ್ಬಳೇ ಆ ಬೀದಿಗೆ ಹೋದಳು. ಬಾಗಿಲಿಗೆ ಬಣ್ಣ ಬದಲಾಗಿತ್ತು. ಅತ್ತೆ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಒಣಗಿದ ಹತ್ತಿಕಾಯಿಯ ಹಾಗೆ. ಮೈದುನನ ಹೆಂಡತಿ ತನ್ನ ಮಗುವಿಗೆ ಅನ್ನ ಕಲಸಿ ಉಣ್ಣಿಸುತ್ತಿದ್ದಳು. ಮಗು ಓಡಿ ಬಂದು, “ಅಜ್ಜೀ, ನೀನು ತಿನ್ನಿಸು” ಎಂದು ಬಾಯಿ ತೆರೆದು ನಿಂತಿತು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಅಜ್ಜಿ ಯಾರಿಗೂ ತಿನ್ನಿಸಲ್ಲ ಪುಟ್ಟ, ಇಲ್ಲಿ ಬಾ,” ಎಂದು ಮೈದುನನ ಹೆಂಡತಿ ಮಗುವನ್ನು ಕರೆದುಕೊಂಡಳು. ಆಮೇಲೆ ಬಂದವಳತ್ತ ತಿರುಗಿ ದನಿ ತಗ್ಗಿಸಿ ಹೇಳಿದಳು, “ನಾನು ಈ ಮನೆಗೆ ಬಂದಾಗಿಂದ ಹೀಗೇ ಅಕ್ಕ. ಮಕ್ಕಳಿಗೆ ಒಂದು ತುತ್ತು ಕೊಟ್ಟವರಲ್ಲ. ಕೇಳಿದ್ರೆ ನನ್ನ ಕೈ ಒಳ್ಳೇದಲ್ಲ ಅಂತಾರೆ.”

ಅಕ್ಕ ಸೆರಗಿನೊಳಗೆ ಅಡಗಿದ ಆ ಕೈಗಳನ್ನು ನೋಡಿದಳು. ಅವಳು ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಹೇಗೆ ಶುರು ಮಾಡಬೇಕೆಂದು ತಿಳಿಯದೆ, ತಮ್ಮನ ಕಾಯಿಲೆಯಿಂದ ಶುರು ಮಾಡಿದಳು. ಟಿ ಕಣ, ಸಂಪು, ತನ್ನ ರಕ್ತ, ಎಲ್ಲ ಹೇಳಿದಳು. ಕೊನೆಗೆ, “ಅದು ನನ್ನಿಂದ ಬಂದಿದ್ದು ಅತ್ತೆ. ನಿಮ್ಮ ಕೈಯಿಂದ ಅಲ್ಲ,” ಅಂದಳು.

ಅತ್ತೆ ಅವಳನ್ನು ಓರೆಗಣ್ಣಿನಿಂದ ನೋಡಿದರು.

“ಯಾರು ಕಳಿಸಿದ್ರು ನಿನ್ನ?”

“ಯಾರೂ ಇಲ್ಲ.”

“ಸಾಯೋ ಮುದುಕಿ, ಸಮಾಧಾನಕ್ಕೆ ಒಂದು ಮಾತು ಹೇಳಿಬರೋಣ ಅಂತ ಬಂದ್ಯಾ? ಅವತ್ತು ಅಷ್ಟು ಜನರ ಮುಂದೆ ನೀನು ಕೇಳ್ದಾಗ ನಂಗೂ ಹೌದು ಅನ್ನಿಸಿಬಿಡ್ತು. ಬೇರು ಅದೇನಾ, ಬೇರೆ ಯಾವುದಾದರೂ ನಾನು ಕಿತ್ಕೊಂಡು ಬಂದಿದ್ನಾ ಅಂತ. ಇವತ್ತಿಗೂ ತಿಳೀದು. ಈಗ ನೀನು ಬಂದು ಅಲ್ಲ ಅಂದ್ರೆ ನಾನು ನಂಬಬೇಕಾ?”

ನಂಬದೆ ಇರುವುದು ಹೇಗೆಂದು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಆ ಡಾಕ್ಟರ ಬಾಯಿಂದ ಕೇಳ್ಬೇಕು ನಾನು,” ಅಂದರು ಅತ್ತೆ.

ತಮ್ಮನಿಗೆ ಅಷ್ಟು ಹೊತ್ತಿಗೆ ಪ್ರತಿ ತಿಂಗಳೂ ಆಸ್ಪತ್ರೆಯಲ್ಲಿ ಕೂರಿಸಿ, ಬೇರೆಯವರ ರಕ್ತದಿಂದ ತೆಗೆದ ರೋಗನಿರೋಧಕ ದ್ರವವನ್ನು ಡ್ರಿಪ್ ಹಾಕಿ ಇಳಿಸುತ್ತಿದ್ದರು. ನ್ಯುಮೋನಿಯಾ ಮರಳದಂತೆ ಮಾತ್ರೆ, ಕುಡಿಯಲು ಕುದಿಸಿದ ನೀರು. ಕೆನ್ನೆ ಮತ್ತೆ ತುಂಬಿಕೊಳ್ಳುತ್ತಿತ್ತು. ಲಿಫ್ಟಿನ ಹಳ್ಳಕ್ಕೆ ಇಳಿಯುವ ಕೆಲಸ ಬಿಟ್ಟು ರಿಪೇರಿ ಅಂಗಡಿಯಲ್ಲೇ ಕೂತು ಬಿಡಿಭಾಗ ಸರಿಮಾಡುವ ಕೆಲಸ ಹಿಡಿದಿದ್ದ. ಮುಂದೆ ಅಸ್ಥಿಮಜ್ಜೆ ಬದಲಿಸುವ ದಾರಿಯೂ ಇದೆ, ಹೊಂದುವವರು ಸಿಗಬೇಕು ಎಂದಿದ್ದರು ಡಾಕ್ಟರು. ಅಕ್ಕ ಸಂಪನ್ನು ಒಡೆಸಿ ಮುಚ್ಚಿಸಿದ್ದಳು. ತಮ್ಮನ ಹೆಂಡತಿಯ ಜೊತೆ ಮಾತು ಇನ್ನೂ ಅಳೆದು ತೂಗಿಯೇ ಇತ್ತು. ಆದರೆ ನೀರು ಕುದಿಯಿತೇ ಎಂದು ಇಬ್ಬರೂ ಪಾತ್ರೆಯನ್ನು ಒಟ್ಟಿಗೆ ಬಗ್ಗಿ ನೋಡುವಾಗ ತಲೆಗೆ ತಲೆ ತಾಗಿ ನಕ್ಕಿದ್ದೂ ಉಂಟು.

ಮುಂದಿನ ಡ್ರಿಪ್‌ನ ದಿನ ಅಕ್ಕ ಅತ್ತೆಯನ್ನು ಆಟೋದಲ್ಲಿ ಕರೆತಂದಳು. ಡಾಕ್ಟರ ಕೋಣೆಯಲ್ಲಿ ಅತ್ತೆ ಕುರ್ಚಿಯ ತುದಿಗೆ ಕೂತು, ಅವರು ಹೇಳಿದ್ದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿದರು.

“ಇವಳು ಹೇಳಿಕೊಟ್ಟು ಹೇಳಿಸ್ತಾ ಇಲ್ಲ ತಾನೇ?”

“ಇಲ್ಲಜ್ಜಿ. ಇವರು ನಾನು ಹೇಳಿದ್ದನ್ನೇ ನಂಬಲ್ಲ,” ಅಂದರು ಡಾಕ್ಟರು.

“ಬೇರು ತಪ್ಪಿದ್ರೂ?”

“ಬೇರು ಯಾವುದೇ ಆಗಿರಲಿ. ಇಷ್ಟು ವರ್ಷದ ಮೇಲೆ ನೂರಕ್ಕೆ ನೂರು ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಆ ಮಗುವಿಗೆ ಬಂದದ್ದು ಈ ಕಾಯಿಲೆ ಅಂತಲೇ ನಾನು ನಂಬೋದು. ನೀವು ಕೊಟ್ಟರೂ ಕೊಡದಿದ್ದರೂ ಅವತ್ತಿನ ಕಾಲದಲ್ಲಿ ಅದನ್ನ ಉಳಿಸಿಕೊಳ್ಳೋದು ಕಷ್ಟವಿತ್ತು.”

ಅತ್ತೆ ತಮ್ಮ ಕೈಗಳನ್ನು ಮೇಜಿನ ಮೇಲೆ ಇಟ್ಟು, ಅವು ಬೇರೆ ಯಾರದೋ ಎಂಬಂತೆ ನೋಡಿದರು.

ಹೊರಗೆ ಉದ್ದನೆಯ ಮೊಗಸಾಲೆಯಲ್ಲಿ ನಡೆಯುವಾಗ ಅಕ್ಕ ಅವರ ತೋಳು ಹಿಡಿಯಲು ಹೋದಳು. ಅತ್ತೆ ಕೊಸರಿಕೊಂಡರು. “ನಾನಿನ್ನೂ ನಿನ್ನ ಕ್ಷಮಿಸಿಲ್ಲ,” ಅಂದರು.

“ಕ್ಷಮಿಸ್ಬೇಡಿ ಅತ್ತೆ.”

ನಾಲ್ಕು ಹೆಜ್ಜೆ ಆದ ಮೇಲೆ ಮುದುಕಿ ನಿಂತರು. ಉಸಿರು ಸುಧಾರಿಸಿಕೊಂಡು, “ನಿನ್ನ ತಮ್ಮ ಎಲ್ಲಿ ಮಲಗಿದಾನೆ? ಚಿಕ್ಕವನಿದ್ದಾಗ ನಮ್ಮನೇಲೇ ಇದ್ದವನಲ್ಲ, ನೋಡ್ಬೇಕು ಅವನ್ನ,” ಎಂದು ಯಾವ ಕಡೆ ಎಂಬುದು ಗೊತ್ತಿಲ್ಲದಿದ್ದರೂ ಮುಂದೆ ಮುಂದೆ ನಡೆದರು.